ಕೆಂಪು ಹಿಮ್ಮಡಿಯ ಗುರುತು

"ಡಾಕ್ಟರೇ, ನಿಮ್ಮ ಟೆಂಟಿನ ಕಲ್ಲನ್ನ ಸ್ವಲ್ಪ ಹೊತ್ತು ಕಡ ಕೊಡ್ತೀರಾ?"

ಹಲ್ಲಿನ ಡಾಕ್ಟರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತಿರುಗಿ ನೋಡಿದರು. ಪಕ್ಕದ ಮನೆಬಸ್ಸಿನ ಪೊಲೀಸ್ ಇನ್‌ಸ್ಪೆಕ್ಟರಮ್ಮ ಬೆಳ್ಳಂಬೆಳಗ್ಗೆ ಅವರ ಟೆಂಟಿನ ಹಗ್ಗದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಗೆ ಟವೆಲ್ ಸುತ್ತಿಕೊಂಡಿದ್ದರು.

"ಯಾವ ಕಲ್ಲು?" ಡಾಕ್ಟರು ನೊರೆ ಉಗುಳಿ ಕೇಳಿದರು.

"ಇದೇ. ಕಲ್ಲಲ್ಲದ ಕಲ್ಲು."

ಹುಲ್ಲಿನಲ್ಲಿ ಅರ್ಧ ಹೂತಿದ್ದ ಅದರ ಗಾತ್ರ ಇಟ್ಟಿಗೆಯಷ್ಟೇ. ತೂಕ ಮಾತ್ರ ಇಟ್ಟಿಗೆಯದ್ದಲ್ಲ. ನಿನ್ನೆ ರಾತ್ರಿ ಮತ್ತೆ ಎದ್ದ ಗಾಳಿಗೆ ಕಾರು ಓಟದ ಹಾದಿಯ ಪಕ್ಕದ ಈ ಬಯಲಿನಲ್ಲಿ ಬೀಡುಬಿಟ್ಟವರ ಟೆಂಟುಗಳೆಲ್ಲ ಮಗುಚಿ, ಜನ ಬಟ್ಟೆ ಬಕೀಟು ಹುಡುಕಿಕೊಂಡು ಓಡಾಡಿದ್ದರು. ಡಾಕ್ಟರ ಟೆಂಟು ಮಾತ್ರ ಅಲುಗಿರಲಿಲ್ಲ. ಊರೆಲ್ಲ ಬಿದ್ದಾಗ ಒಂದು ಮನೆ ನಿಂತಿದ್ದರೆ ಅದರ ಬುಡ ನೋಡಬೇಕು ಅನ್ನುವುದು ಇನ್‌ಸ್ಪೆಕ್ಟರಮ್ಮನ ಹಳೇ ಅಭ್ಯಾಸ.

"ಎಲ್ಲಿ ಸಿಕ್ತು ಇದು?"

"ತೂಕದ ಷೆಡ್ಡಿನ ಹಿಂದೆ, ಕಸದ ಡ್ರಮ್ಮಿನ ಸಂದಿಯಲ್ಲಿ. ಹಗ್ಗಕ್ಕೆ ಭಾರ ಬೇಕಿತ್ತು, ನಿನ್ನೆ ಸಂಜೆ ಎತ್ಕೊಂಡು ಬಂದೆ. ಯಾಕೆ, ಯಾರದ್ದಾದ್ರೂ ಆಸ್ತೀನಾ?"

"ಆಸ್ತಿ ಅಲ್ಲ ಡಾಕ್ಟರೇ. ಮಾನ. ನನ್ನ ಮಗಳ ಮಾನ."

ಇವತ್ತಿನ ಓಟದ ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕೆಂದು ಗೊತ್ತುಮಾಡುವ ನಿನ್ನೆಯ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದ ಮಗಳ ಕಾರು ತಕ್ಕಡಿಯ ಮೇಲೆ ತೂಕ ಕಡಿಮೆ ಬಂದು, ಅವಳಿಗೆ ಮೋಸಗಾತಿ ಅನ್ನುವ ಹೆಸರು ಅಂಟಿತ್ತು. ಹಗುರ ಮೈಯ ಓಟಗಾರರ ಕಾರಿಗೆ ಸೀಸದ ಗಟ್ಟಿ ಬಿಗಿದು ತೂಕ ಸರಿದೂಗಿಸಬೇಕೆಂಬುದು ನಿಯಮ. ಮಗಳ ಕಾರಿನ ಗಟ್ಟಿ ಮಾಯವಾಗಿತ್ತು.

ಆ ಗಟ್ಟಿ ಈಗ ಟವೆಲಿನಲ್ಲಿತ್ತು.

ಇನ್‌ಸ್ಪೆಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದರು. ಕೆಳಮೈಗೆ ಹುಲ್ಲಿನ ಮಣ್ಣಷ್ಟೇ, ಕಪ್ಪಿಲ್ಲ. ಮೇಲ್ಮೈಗೆ ಟೈರು ಸುಟ್ಟ ಕಪ್ಪು ಪುಡಿ ಮೆತ್ತಿತ್ತು. ಒಂದು ಮೂಲೆ ಮುರಿದಿತ್ತು. ಆ ಕಪ್ಪಿನ ನಡುವೆ, ಹೆಬ್ಬೆರಳಿನಲ್ಲಿ ತಿಕ್ಕಿದಂತೆ, ಒಂದು ಕೆಂಪು ಗುರುತು.

ಅವರ ತುಟಿಯ ತುದಿಯಲ್ಲಿ ನಗು ಸುಳಿಯಿತು.

"ಏನಂತೆ?" ಮನೆಬಸ್ಸಿನ ಬಾಗಿಲಲ್ಲಿ ಅವರ ಯಜಮಾನರು ನಿಂತಿದ್ದರು. ಜೀವಮಾನವೆಲ್ಲ ದೂರದೂರಿನ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಗುಜರಿಗೆ ಹೊರಟಿದ್ದ ಒಂದು ಬಸ್ಸನ್ನು ತಂದು, ಸೀಟು ಕಿತ್ತು, ಮಂಚ ಜೋಡಿಸಿ, ಒಲೆ ಕೂರಿಸಿ, ಪರದೆ ಹೊಲಿಸಿ ಮನೆ ಮಾಡಿದ್ದರು. ಬಸ್ಸಿನ ಹೊಟ್ಟೆಯ ಮೇಲೆ ಮಗಳ ಕಾರಿನ ನಂಬರನ್ನು ಮೈಲಿ ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆಸಿದ್ದರು. ಈ ಬಯಲಿಗೆ ಬಂದು ಇಳಿದಾಗಿನಿಂದ "ನಮ್ಮ ಹುಡುಗಿ ಓಡಿಸ್ತಾಳೆ, ನೋಡಿ" ಎಂದು ಕಂಡವರಿಗೆಲ್ಲ ಟೀ ಕುಡಿಸಿದ್ದರು. ನಿನ್ನೆ ಮಧ್ಯಾಹ್ನದಿಂದ ಅವರ ಬಾಯಿಗೆ ಬೀಗ ಬಿದ್ದಿತ್ತು.

"ರೀ, ಮಗಳಿಗೆ ಆ ಕೆಂಪು ಬೂಟು ಯಾವಾಗ ಕೊಟ್ರಿ?"

"ನಿನ್ನೆ ಬೆಳಗ್ಗೆ. ನಿನ್ನ ಎದುರಿಗೇ ಅಲ್ವಾ ಡಬ್ಬಿ ಬಿಚ್ಚಿದ್ದು? ಯಾಕೆ?"

"ಬನ್ನಿ, ಹೇಳ್ತೀನಿ."

"ನೀನು ಹೋಗು. ನಾನು ಆಮೇಲೆ ಬರ್ತೀನಿ," ಎಂದು ಅವರು ಒಳಗೆ ಸರಿದರು. ನೊಂದಿದ್ದಾರೆ, ಎಂದುಕೊಂಡು ಇನ್‌ಸ್ಪೆಕ್ಟರಮ್ಮ ಟವೆಲಿನ ಗಂಟು ಹೊತ್ತು ನಡೆದರು.

* * *

ತೂಕದ ಷೆಡ್ಡಿನಲ್ಲಿ ವಿಚಾರಣೆ ಆಗಲೇ ಶುರುವಾಗಿತ್ತು.

ನಡುವೆ ಮಗಳ ಕಾರು. ಒಬ್ಬರೇ ಕೂರುವ, ಮೇಲೆ ತೆರೆದ ಪುಟ್ಟ ಓಟದ ಕಾರು. ಅದಕ್ಕೆ ಹಳದಿ ಬಟ್ಟೆ ಹೊದಿಸಿ, ಅಂಚಿಗೆಲ್ಲ ಅರಗಿನ ಮುದ್ರೆ ಒತ್ತಿದ್ದರು. ಒಂದು ಕಡೆ ತಪಾಸಣಾಧಿಕಾರಿ. ಅವರ ಎದುರು ತಂಡದ ಧಣಿ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಅವನ ಹಿಂದೆ ಹೆಡ್ ಮೆಕ್ಯಾನಿಕ್. ಓಟದ ಜನರೆಲ್ಲ ಅವನನ್ನು ಕರೆಯುವುದು ಮೇಸ್ತ್ರಿ ಎಂದೇ. ಮಗಳ ಕೈಗೆ ಮೊದಲ ಸಲ ಸ್ಟೇರಿಂಗ್ ಕೊಟ್ಟವನೇ ಅವನು.

ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಇಟ್ಟು ನಿಂತಿದ್ದಳು ಮಗಳು. ಆಳು ಚಿಕ್ಕದಾದ್ದರಿಂದ ಓಟದವರು ಇಟ್ಟ ಹೆಸರು ಗುಬ್ಬಿ. ನಿನ್ನೆ ಬೇರೆ ಹೆಸರು ಕರೆದವರೂ ಇದ್ದರು. ಅವಳ ಕಣ್ಣು ಊದಿತ್ತು, ಆದರೆ ತಲೆ ತಗ್ಗಿರಲಿಲ್ಲ.

"ಅಮ್ಮ," ಪಿಸುಗುಟ್ಟಿದಳು, "ನನ್ನ ಪರವಾಗಿ ಯಾರ ಹತ್ರಾನೂ ಕೈ ಮುಗೀಬೇಡ. ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತು. ಅಷ್ಟು ಸಾಕು."

"ನಿನಗೆ ಸಾಕು, ನನಗೆ ಸಾಲದು. ಕೈ ಮುಗಿಯೋಕೆ ಬಂದಿಲ್ಲ ಪುಟ್ಟಿ, ಬೆರಳಿಟ್ಟು ತೋರಿಸೋಕೆ ಬಂದಿದೀನಿ."

ಧಣಿ ಸಿಡುಕಿದ. "ಅಮ್ಮಾ, ಇದು ತಂಡದ ವಿಷಯ. ನನ್ನ ಮಾನ ಈಗಾಗ್ಲೇ ಮೂರು ಕಾಸಿಗೆ ಹೋಗಿದೆ. ಕಾರು ವಾಪಸ್ ತಗೊಂಡು ಹೋಗ್ತೀವಿ, ಮುಗೀತು."

"ಅವಸರ ಯಾಕೆ ಧಣಿ? ಮುಂದಿನ ಓಟಕ್ಕೆ ನಿಮ್ಮ ತಂಗಿ ಮಗನ್ನ ಕೂರಿಸೋಕಾ?"

ಧಣಿ ಮುಖ ಬೇರೆ ಕಡೆ ತಿರುಗಿಸಿದ. ಅವನ ತಂಗಿಯ ಮಗನಿಗೆ ಈ ಸೀಟಿನ ಮೇಲೆ ಕಣ್ಣಿರುವುದು ಷೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಇನ್‌ಸ್ಪೆಕ್ಟರಮ್ಮ ಗಂಟು ಬಿಚ್ಚಿ ಸೀಸದ ಗಟ್ಟಿಯನ್ನು ಮೇಜಿನ ಮೇಲಿಟ್ಟರು. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂದು ಹೇಳಿದರು.

ತಪಾಸಣಾಧಿಕಾರಿ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. "ಗಟ್ಟಿ ಇದೇ. ಆದ್ರೆ ಓಡೋಕೆ ಮುಂಚೆ ತೆಗೆದು ಎಸೆದರೂ ಅಲ್ಲೇ ಸಿಗ್ತಿತ್ತು, ಓಡಿದ ಮೇಲೆ ತೆಗೆದು ಎಸೆದರೂ ಅಲ್ಲೇ ಸಿಗ್ತಿತ್ತು. ಓಡೋಕೆ ಮುಂಚೆ ತೆಗೆದಿದ್ರೆ ಅದು ಮೋಸ."

"ಒಪ್ಪಿದೆ. ಈ ಕೆಂಪು ಗುರುತು ನೋಡಿ. ಇದು ಬೂಟಿನ ಹಿಮ್ಮಡಿ ಉಜ್ಜಿದ್ದು. ಗಟ್ಟಿ ಕೂರೋದು ಸೀಟಿನ ಮುಂದೆ, ಓಡಿಸೋರ ಹಿಮ್ಮಡಿ ಕೆಳಗೆ. ಗುಬ್ಬಿ, ಕಾಲು ಎತ್ತು."

ಮಗಳು ಬೂಟು ಎತ್ತಿ ತೋರಿಸಿದಳು. ಕೆಂಪು ಹಿಮ್ಮಡಿಯ ಅಂಚು ಸವೆದು, ಸವೆದ ಕಡೆ ಸೀಸದ ಬೂದು ಬಣ್ಣ ಹತ್ತಿತ್ತು.

"ಈ ಬೂಟು ನಿನ್ನೆ ಬೆಳಗ್ಗೆವರೆಗೂ ಡಬ್ಬಿ ಒಳಗಿತ್ತು. ಇದನ್ನ ಹಾಕ್ಕೊಂಡು ಇವಳು ಓಡಿಸಿದ್ದು ನಿನ್ನೆಯ ಅರ್ಹತಾ ಓಟ ಒಂದನ್ನೇ."

ತಪಾಸಣಾಧಿಕಾರಿ ತಲೆದೂಗಿದರು, ಆದರೆ ಪೂರ್ತಿ ಒಪ್ಪಲಿಲ್ಲ. "ತಪ್ಪು ತಿಳ್ಕೋಬೇಡಿ ಅಮ್ಮ. ನೀವು ತಾಯಿ. ಆ ಗುರುತು ಇವತ್ತು ಬೆಳಗ್ಗೆ ಉಜ್ಜಿದ್ದು ಅಂತ ಯಾರಾದ್ರೂ ಅಂದ್ರೆ ನಾನು ಏನು ಹೇಳಲಿ?"

"ನಿಮ್ಮ ಜಾಗದಲ್ಲಿ ನಾನಿದ್ರೂ ಇದೇ ಕೇಳ್ತಿದ್ದೆ." ಇನ್‌ಸ್ಪೆಕ್ಟರಮ್ಮನ ದನಿಯಲ್ಲಿ ಮೆಚ್ಚುಗೆ ಇತ್ತು. "ಅದಕ್ಕೇ ನಿಮ್ಮ ಮುದ್ರೆ ಒಡೆಯೋ ಮುಂಚೆ ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ನಿನ್ನೆ ತೂಕ ಆದ ಕೂಡಲೇ ನೀವು ಕಾರಿಗೆ ಮುದ್ರೆ ಹಾಕಿದ್ರಿ. ಆಮೇಲೆ ಯಾರೂ ಮುಟ್ಟಿಲ್ಲ. ಓಟಕ್ಕೆ ಮುಂಚೆ ಕಾರನ್ನ ತೊಳೆದು ಒರೆಸಿದ್ರು, ಅದನ್ನೂ ನೀವೇ ನೋಡಿದೀರಿ. ಅಂದ್ರೆ ಒಳಗೆ ಇರೋ ಧೂಳೆಲ್ಲ ಆ ಓಟದ್ದೇ. ಗಟ್ಟಿ ಇಲ್ಲದೆ ಓಡಿದ್ರೆ ಕಾರಿನ ನೆಲವೆಲ್ಲ ಒಂದೇ ಸಮ ಕಪ್ಪಾಗಿರಬೇಕು. ಗಟ್ಟಿ ಇದ್ದು ಓಡಿದ್ರೆ ಅದರಡಿ ಮಾತ್ರ ಚೊಕ್ಕಟ ಇರಬೇಕು. ಇಟ್ಟಿಗೆ ಆಕಾರ. ಒಂದು ಮೂಲೆ ಮುರಿದಿರೋ ಇಟ್ಟಿಗೆ. ಈ ಮುರಿದ ಮೂಲೆ ಇರಬೇಕಾದ ಜಾಗದಲ್ಲಿ ಕಪ್ಪು ತುಂಬಿಕೊಂಡಿರಬೇಕು. ಹಾಗಿಲ್ಲದಿದ್ರೆ ನಾನು, ನನ್ನ ಮಗಳು, ನಮ್ಮ ಬಸ್ಸು ಈಗಲೇ ಗೇಟು ದಾಟ್ತೀವಿ."

ಅರಗು ಕಟಕಟ ಮುರಿಯಿತು. ಹಳದಿ ಬಟ್ಟೆ ಸರಿಯಿತು. ತಪಾಸಣಾಧಿಕಾರಿ ಟಾರ್ಚು ಹಿಡಿದು ಕಾರಿನೊಳಗೆ ತಲೆ ತೂರಿಸಿದರು.

ತುಂಬ ಹೊತ್ತು ಅವರ ಬೆನ್ನಷ್ಟೇ ಕಾಣುತ್ತಿತ್ತು.

"ಮೇಜಿನ ಮೇಲಿರೋ ಗಟ್ಟಿ ಕೊಡಿ," ಒಳಗಿನಿಂದ ದನಿ ಬಂತು. ಕೊಟ್ಟರು. ಸೀಸ ಲೋಹಕ್ಕೆ ತಾಗಿದ ಮೆಲ್ಲನೆಯ ಸದ್ದು. ಆಮೇಲೆ ಅವರು ಹೊರಬಂದು, ನೇರ ಗುಬ್ಬಿಯ ಎದುರು ಹೋಗಿ ನಿಂತರು.

"ಅಳೆದು ಮಾಡಿದ ಹಾಗೆ ಕೂತ್ಕೊಳ್ತು. ಮುರಿದ ಮೂಲೆ ಸಮೇತ. ನೀನು ಓಡಿಸಿದಾಗ ಕಾರು ಪೂರ್ತಿ ತೂಕ ಇತ್ತಮ್ಮ. ನಿನ್ನೆಯ ಸುತ್ತು ನಿನ್ನದೇ. ಮೊದಲ ಜಾಗವೂ ನಿನ್ನದೇ. ಯಾರೋ ಓಟ ಆದ ಮೇಲೆ, ತೂಕಕ್ಕೆ ಮುಂಚೆ ತೆಗೆದಿದ್ದಾರೆ. ಅದು ಬೇರೆ ವಿಚಾರಣೆ. ಹೋಗು, ತಯಾರಾಗು."

ಬಾಗಿಲಲ್ಲಿ ಗುಂಪು ಸೇರಿದ್ದವರು ಹೋ ಎಂದರು. ಹಸಿರು ಕಾರಿನ ಓಟಗಾರ, ಗುಬ್ಬಿ ಹೊರಬಿದ್ದರೆ ಮೊದಲ ಜಾಗ ಸಿಗಬೇಕಿದ್ದವನು, ಎಲ್ಲರಿಗಿಂತ ಮುಂದೆ ನುಗ್ಗಿ ಬಂದು ಅವಳ ಕೈ ಕುಲುಕಿದ. "ದಾನ ಬಂದ ಮೊದಲ ಜಾಗ ನನಗೆ ಬೇಡ ಇತ್ತು ಗುಬ್ಬಿ. ಬಾ, ಹಾದಿ ಮೇಲೇ ಕಿತ್ಕೊಳ್ತೀನಿ."

"ಸಿಕ್ಕಿದ್ರೆ ಕಿತ್ಕೋ," ಗುಬ್ಬಿ ನಕ್ಕಳು. ನಿನ್ನೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಗುಂಪಿನ ನಡುವೆ ನಡೆದು ಹೋದಳು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಇನ್‌ಸ್ಪೆಕ್ಟರಮ್ಮ ನೋಡುತ್ತ ನಿಂತರು. ತಮ್ಮ ಪೊಲೀಸು ಕೆಲಸದಲ್ಲಿ ಎಷ್ಟೋ ಸಲ ಜನ ದಾರಿ ಬಿಟ್ಟದ್ದುಂಟು. ಅದು ಖಾಕಿಗೆ, ಹೆದರಿಕೆಗೆ. ಇದು ಹಾಗಲ್ಲ.

"ನೀವು ಗುಬ್ಬಿಯ ತಾಯೀನಾ?" ಯಾರೋ ಅಪರಿಚಿತ ಹೆಂಗಸು ಕೇಳಿದಳು.

ಇಷ್ಟು ವರ್ಷ ಮಗಳೇ ಕೇಳಿಸಿಕೊಂಡಿದ್ದಳು, ನೀನು ಇನ್‌ಸ್ಪೆಕ್ಟರಮ್ಮನ ಮಗಳಾ ಎಂದು.

"ಹೌದು," ಎಂದರು ಇನ್‌ಸ್ಪೆಕ್ಟರಮ್ಮ. ಸಿಕ್ಕಿದ ಪದಕಗಳನ್ನೆಲ್ಲ ಎದೆಗೆ ಚುಚ್ಚಿಕೊಂಡ ದಿನವೂ ಅವರ ಎದೆ ಇಷ್ಟು ಉಬ್ಬಿರಲಿಲ್ಲ. "ನಾನೇ ಗುಬ್ಬಿಯ ತಾಯಿ."

* * *

ಕಾರನ್ನು ತಳ್ಳಿಕೊಂಡು ಹೋಗುವ ಮುಂಚೆ ಅವರೊಮ್ಮೆ ಒಳಗೆ ಬಗ್ಗಿ ನೋಡಿದ್ದರು.

ಕಪ್ಪು ಪುಡಿಯ ನಡುವೆ ಚೊಕ್ಕಟವಾದ ಇಟ್ಟಿಗೆಯಾಕಾರ. ಅದರ ಎರಡು ತುದಿಗಳ ಪಕ್ಕಕ್ಕೆ ಗಟ್ಟಿಯನ್ನು ಹಿಡಿದಿಡುವ ಬೋಲ್ಟುಗಳ ತೂತು. ತೂತು ಬರಿದಾಗಿರಲಿಲ್ಲ. ಗಟ್ಟಿ ತೆಗೆದವನು ಬೋಲ್ಟುಗಳನ್ನು ಅವುಗಳ ಜಾಗಕ್ಕೇ ಮತ್ತೆ ಹೊಂದಿಸಿ, ಕೊನೆಯವರೆಗೂ ತಿರುಗಿಸಿ ಬಿಗಿದಿದ್ದ.

ಯಾವ ಕಳ್ಳ ಬೀಗ ಒಡೆದ ಮೇಲೆ ಬಾಗಿಲು ಹಾಕಿಕೊಂಡು ಹೋಗುತ್ತಾನೆ?

ಹಸಿರು ಕಾರಿನವನ ಮುಖದಲ್ಲಿ ಕಂಡ ಖುಷಿ ನಾಟಕದ್ದಲ್ಲ. ಧಣಿಗೆ ಕಾರಣವಿತ್ತು, ಆದರೆ ಅವನ ಕೈಗೆ ಸ್ಪ್ಯಾನರ್ ಯಾವ ಕಡೆ ಹಿಡಿಯಬೇಕೆಂದೂ ಗೊತ್ತಿಲ್ಲ. ಅವನು ತೆಗೆದಿದ್ದರೆ ಬೋಲ್ಟು ನೆಲದ ಮೇಲೆ ಉರುಳಾಡುತ್ತಿತ್ತು. ತೂತನ್ನು ಬರಿದಾಗಿ ಬಿಡಲು ಮನಸ್ಸೊಪ್ಪದ ಕೈ ಈ ಷೆಡ್ಡಿನಲ್ಲಿ ಒಂದೇ ಇತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕಾರುಗಳೆಲ್ಲ ಓಟದ ಹಾದಿಗೆ ಹೊರಡುವ ಗದ್ದಲದಲ್ಲಿ ಇನ್‌ಸ್ಪೆಕ್ಟರಮ್ಮ ಮೇಸ್ತ್ರಿಯ ತೋಳು ಹಿಡಿದರು. "ಉಳಿದ ಕೆಲಸ ನಿಮ್ಮ ಹುಡುಗರು ನೋಡ್ಕೊಳ್ತಾರೆ. ನನ್ನ ಜೊತೆ ಬಸ್ಸಿಗೆ ಬನ್ನಿ. ಒಂದು ಲೋಟ ಟೀ ಕುಡಿಯೋಣ."

ಮೇಸ್ತ್ರಿ ಅವರ ಮುಖ ನೋಡಿದ. ಅಷ್ಟರಲ್ಲೇ ಅವನಿಗೆ ಅರ್ಥವಾಯಿತು. ಮರುಮಾತಾಡದೆ ಹಿಂಬಾಲಿಸಿದ.

ಮನೆಬಸ್ಸು ದಿಬ್ಬದ ನೆತ್ತಿಯಲ್ಲಿತ್ತು. ಕಿಟಕಿಯಿಂದ ನೋಡಿದರೆ ಓಟ ಶುರುವಾಗುವ ಗೆರೆ ಕೆಳಗೆ ಕಾಣುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಯಜಮಾನರ ಲೋಟ ತೊಳೆದು ಬೋರಲು ಹಾಕಿತ್ತು. ಮೇಸ್ತ್ರಿ ಬಾಗಿಲ ಬಳಿಯ ಮಡಚುವ ಕುರ್ಚಿಯ ತುದಿಯಲ್ಲಿ ಕೂತ. ಇನ್‌ಸ್ಪೆಕ್ಟರಮ್ಮ ಒಲೆ ಹಚ್ಚಲಿಲ್ಲ.

"ನಿನ್ನೆ ಮಧ್ಯಾಹ್ನ ಕಾರುಗಳು ತೂಕಕ್ಕೆ ಸಾಲಾಗಿ ನಿಂತಿದ್ದಾಗ ಗಾಳಿ ಬಂದು ಷಾಮಿಯಾನ ಹಾರಿತು. ಎಲ್ಲರೂ ಕಂಬ ಹಿಡಿಯೋಕೆ ಓಡಿದ್ರು. ಕಾರು ಬಿಟ್ಟು ಬರಲ್ಲ ಅಂತ ನಿಂತವರು ನೀವೊಬ್ಬರೇ. ಎಂಥ ನಿಷ್ಠೆ ಅಂತ ನಾನೇ ಹೊಗಳಿದ್ದೆ."

"ಹೂಂ."

"ಅಷ್ಟೇನಾ? ಹೂಂ?"

"ನಾನೇ ತೆಗೆದೆ ಅಮ್ಮ. ಸುಳ್ಳು ಹೇಳೋಕೆ ನನಗೆ ಬರಲ್ಲ."

ಇನ್‌ಸ್ಪೆಕ್ಟರಮ್ಮ ಅವನತ್ತ ಬಾಗಿದರು. "ಅವಳು ನಿಮ್ಮನ್ನ ಗುರು ಅಂತಾಳೆ. ಮನೇಲಿ ಏನು ಮಾತು ಶುರುವಾದ್ರೂ ಕೊನೇಗೆ ಮೇಸ್ತ್ರಿ ಹಾಗಂದ್ರು, ಮೇಸ್ತ್ರಿ ಹೀಗಂದ್ರು. ನನ್ನ ಮಾತು ಕೇಳದವಳು ನಿಮ್ಮನ್ನ ಕೇಳದೆ ನೀರೂ ಕುಡಿಯೋಳಲ್ಲ. ಅಂಥವಳ ಮುಖಕ್ಕೆ ಮಸಿ ಬಳಿಯೋಕೆ ಹೇಗೆ ಮನಸ್ಸು ಬಂತು?"

"ನಿನ್ನೆ ಅವಳು ಓಡಿಸಿದ್ದು ನೋಡಿದ್ರಾ ನೀವು?" ಮೇಸ್ತ್ರಿ ಕೇಳಿದ. "ಕೊನೆ ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತೋ ಜಾಗದಲ್ಲಿ ಅವಳು ಒತ್ತಲಿಲ್ಲ. ನಾನು ಕಣ್ಣು ಮುಚ್ಕೊಂಡೆ. ಕಣ್ಣು ಬಿಟ್ಟಾಗ ಕಾರು ದಾರದಲ್ಲಿ ಎಳೆದ ಹಾಗೆ ತಿರುವಿನಿಂದ ಹೊರಗೆ ಬಂದಿತ್ತು. ಅದನ್ನ ನಾನು ಕಲಿಸಿಲ್ಲ ಅಮ್ಮ. ಅದು ಅವಳದ್ದೇ. ಈ ಕೈಯಲ್ಲಿ ಎಷ್ಟು ಜನಕ್ಕೆ ಕಾರು ಕಟ್ಟಿಕೊಟ್ಟಿದೀನಿ, ಯಾರೂ ಹಾಗೆ ಓಡಿಸಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ್ರೂ ಅಷ್ಟು ಹೆಮ್ಮೆ ಆಗ್ತಿರಲಿಲ್ಲ."

"ಮತ್ತೆ?"

"ಮತ್ತೆ ಏನು? ಅವಳು ಇವತ್ತು ಓಡಬಾರದಿತ್ತು. ಬೇರೆ ದಾರಿ ಹೊಳೀಲಿಲ್ಲ. ಮಸಿ ತೊಳೆದ್ರೆ ಹೋಗುತ್ತೆ. ಜೀವ ಹೋದ್ರೆ ಬರುತ್ತಾ?"

ಕೆಳಗೆ ಧ್ವನಿವರ್ಧಕದಲ್ಲಿ ಓಟಗಾರರ ಹೆಸರು ಕೂಗತೊಡಗಿದರು. ಮೊದಲ ಜಾಗದ ಹೆಸರಿಗೆ ಬಯಲೆಲ್ಲ ಚಪ್ಪಾಳೆ. ಡಾಕ್ಟರು ಪಾತ್ರೆ ಬಡಿಯುತ್ತಿದ್ದ ಸದ್ದೂ ಕೇಳಿಸಿತು.

"ಬಿಡಿಸಿ ಹೇಳಿ ಮೇಸ್ತ್ರಿ."

"ಮೊನ್ನೆ ಸಂಜೆ ಒಂದು ಮಾತು ಕೇಳಿಸ್ಕೊಂಡೆ. ಬಾಗಿಲು ಹಾಕಿತ್ತು, ಮುಖ ಕಾಣಲಿಲ್ಲ. ಇಬ್ಬರು ಗಂಡಸರು. ಒಬ್ಬ ಅಂದ, 'ಭಾನುವಾರದ ಓಟ ಆ ಹುಡುಗಿ ಮುಗಿಸಬಾರದು. ಅರ್ಧದಲ್ಲೇ ನಿಲ್ಲಬೇಕು. ಹೇಗೆ ಅನ್ನೋದು ನನಗೆ ಬಿಡಿ.' ಆ ದನಿ ನಾನು ಹಿಂದೆ ಯಾವತ್ತೂ ಕೇಳಿದ್ದಲ್ಲ."

"ಕಾರಿಗೆ ಏನಾದ್ರೂ ಮಾಡಿದಾರಾ?"

"ಅದೇ ಹೆದರಿಕೆಗೆ ನಿನ್ನೆ ಓಟಕ್ಕೆ ಮುಂಚೆ ಒಂದೊಂದು ನಟ್ಟೂ ಬಿಚ್ಚಿ ನೋಡಿದೆ. ಬ್ರೇಕು, ಸ್ಟೇರಿಂಗು, ಪೆಟ್ರೋಲ್ ಪೈಪು. ಏನೂ ಇಲ್ಲ. ಆಮೇಲಿಂದ ಕಾರು ಮುದ್ರೆ ಒಳಗಿತ್ತು, ಈಗಲೂ ನಮ್ಮ ಹುಡುಗರ ಕಣ್ಣೆದುರಿಗಿದೆ. ಕಾರಿನಲ್ಲಿ ಏನಾದ್ರೂ ಸಿಕ್ಕಿದ್ರೆ ಸರಿ ಮಾಡಿ ಸುಮ್ನಾಗ್ತಿದ್ದೆ ಅಮ್ಮ. ಏನೂ ಸಿಗಲಿಲ್ಲ. ಕಾರಲ್ಲಿ ಅಲ್ಲದಿದ್ರೆ ಇನ್ನೆಲ್ಲಿ ಅಂತ ಭಯ ಜಾಸ್ತಿ ಆಯ್ತು."

"ಇಷ್ಟೆಲ್ಲ ಗೊತ್ತಿದ್ದೂ ನನ್ನ ಹತ್ರ ಯಾಕೆ ಬರಲಿಲ್ಲ? ನಾನು ಯಾರು ಅಂತ ಗೊತ್ತಿಲ್ವಾ ನಿಮಗೆ?"

ಮೇಸ್ತ್ರಿ ನೆಲ ನೋಡಿದ. ಎಣ್ಣೆ ಹಿಡಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ.

"ನಿಮ್ಮ ಹತ್ರ ಹೇಳಲಾರದ್ದು ಅಂತಲೇ ಅಮ್ಮ. ಮೊನ್ನೆ ನಾನು ಬಂದಿದ್ದು ಟಾರ್ಚು ವಾಪಸ್ ಕೊಡೋಕೆ. ಆ ಬಾಗಿಲು..." ಪಕ್ಕದ ಬಾಗಿಲ ಮೇಲೆ ಅಂಗೈ ಇಟ್ಟ. "ಈ ಬಾಗಿಲು. ಮಾತು ಬಂದಿದ್ದು ಈ ಬಸ್ಸಿನ ಒಳಗಿಂದ."

ಇನ್‌ಸ್ಪೆಕ್ಟರಮ್ಮ ಆ ಬಾಗಿಲ ಕಡೆ ತಿರುಗಿದರು.

"ಮೊದಲನೆಯವನು ಹಾಗಂದ. ಆಮೇಲೆ ಇನ್ನೊಬ್ಬರು 'ಸರಿ' ಅಂದ್ರು. ಒಂದೇ ಮಾತು. ಆ ದನಿ ನನಗೆ ಚೆನ್ನಾಗಿ ಗೊತ್ತು." ಮೇಸ್ತ್ರಿ ತಲೆ ಎತ್ತಿದ. "ನಿಮ್ಮ ಯಜಮಾನ್ರದ್ದು."

ಕೆಳಗೆ ಎಂಜಿನ್ನುಗಳು ಒಟ್ಟಿಗೇ ಮೊರೆದವು. ಬಸ್ಸಿನ ಗಾಜುಗಳು ಗಡಗಡ ನಡುಗಿದವು.

ಇನ್‌ಸ್ಪೆಕ್ಟರಮ್ಮ ಮೊಳೆಗೆ ನೇತುಹಾಕಿದ್ದ ದುರ್ಬೀನನ್ನು ಕಿತ್ತುಕೊಂಡು ಕಿಟಕಿಗೆ ಹಾರಿದರು. ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಮಗಳ ಕಾರು. ಮೆಕ್ಯಾನಿಕ್ಕುಗಳೆಲ್ಲ ಬದಿಗೆ ಸರಿಯುತ್ತಿದ್ದರು. ಒಬ್ಬರು ಮಾತ್ರ ಇನ್ನೂ ಕಾರಿನ ಮೇಲೆ ಬಾಗಿದ್ದರು, ಗುಬ್ಬಿಯ ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ.

ಅವರು ನೆಟ್ಟಗಾದರು. ಮಗಳ ಹೆಲ್ಮೆಟ್ಟನ್ನು ಎರಡು ಸಲ ತಟ್ಟಿದರು. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು.

ಯಜಮಾನರು ಹಾದಿಯಿಂದ ಹಿಂದೆ ಸರಿದರು, ಓಟ ಬಿಡುವ ಬಾವುಟ ಕೆಳಗಿಳಿಯಿತು.